ಅರವತ್ತನಾಲ್ಕನೇ ನಂಬರಿನ ಕುರ್ಚಿ

ಹಾರ್ಲೋ ಕಾಲೇಜು, ಅಯೋವಾ
3 ಸೆಪ್ಟೆಂಬರ್ 1974

ಪ್ರೀತಿಯ ಅಪ್ಪನಿಗೆ,

ಫುಟ್‌ಬಾಲ್ ಅಭ್ಯಾಸ ಶುರುವಾಗಿ ಎರಡು ವಾರವಾಯಿತು. ಮೈಯಲ್ಲಿ ನೋಯದ ಜಾಗ ಯಾವುದೆಂದು ಹುಡುಕಿದೆ, ಕಿವಿಯ ಹಾಲೆ ಮಾತ್ರ ಸಿಕ್ಕಿತು. ಹಾಸ್ಟೆಲಿಗೆಲ್ಲ ಇರುವುದು ಒಂದೇ ಫೋನು, ಅದರ ಮುಂದೆ ಪ್ರೇಮಿಗಳ ಸಾಲು. ಹಾಗಾಗಿ ಈ ವರ್ಷವೂ ಕಾಗದವೇ ಗತಿ.

ಕೋಚ್ ಸ್ಟ್ರಾಂಡ್ ನಿನ್ನೆ ಎಲ್ಲರ ಮುಂದೆ ನನ್ನ ಮಾನ ಕಳೆದರು. "ಏ ಹೇವರ್‌ಕ್ಯಾಂಪ್, ಎದುರಿಗಿರೋನ್ನ ತಳ್ಳೋ ಅಂದ್ರೆ ಕ್ಷೇಮ ಸಮಾಚಾರ ವಿಚಾರಿಸ್ತಾ ನಿಂತಿದ್ದೀಯಲ್ಲೋ! ನಿಮ್ಮಜ್ಜಿ ಬಂದ್ರೂ ನಿನಗಿಂತ ಚೆನ್ನಾಗಿ ತಳ್ತಾರೆ."

"ಅಜ್ಜಿ ತೀರ್ಕೊಂಡು ಆರು ವರ್ಷ ಆಯ್ತು ಸರ್."

"ಆದ್ರೂ!" ಅಂದರು.

ನಾಲ್ಕನೇ ವರ್ಷವೂ ನನಗೆ ಅದೇ ಜಾಗ, ಅದೇ 64ನೇ ನಂಬರಿನ ಅಂಗಿ. ಟೆರಿ ಚೆಂಡನ್ನು ಎದೆಗೆ ಅವಚಿಕೊಂಡು ಓಡುತ್ತಾನೆ. ಅವನು ಬರುವ ಮುಂಚೆ ನಾನು ಎದುರಿನ ದಾಂಡಿಗನ ಮೇಲೆ ಬಿದ್ದು ದಾರಿ ಬಿಡಿಸಬೇಕು. ಇಷ್ಟು ವರ್ಷದಲ್ಲಿ ಒಂದು ಪಂದ್ಯದಲ್ಲೂ ನಾನು ಚೆಂಡು ಮುಟ್ಟಿಲ್ಲ. ಜನ ನೋಡುವುದು ಚೆಂಡನ್ನು. ಸಾಲಿನಲ್ಲಿ ಬಗ್ಗಿ ನಿಂತ ನಾವು ಐದು ಜನ ಅವರ ಕಣ್ಣಿಗೆ ಬೇಲಿಯ ಗೂಟಗಳು.

ಈಗ ವಿಷಯಕ್ಕೆ ಬರುತ್ತೇನೆ. ನವೆಂಬರ್ 9ರ ಶನಿವಾರ ಇಲ್ಲಿ ಅಪ್ಪಂದಿರ ದಿನ. ಆಟಗಾರರ ಅಪ್ಪಂದಿರಿಗೆ ಮೈದಾನದ ಅಂಚಿನಲ್ಲೇ ಕುರ್ಚಿ ಹಾಕುತ್ತಾರೆ. ಮಗನ ನಂಬರು ಬರೆದ ರಟ್ಟನ್ನು ದಾರ ಕಟ್ಟಿ ಅವರ ಬೆನ್ನಿಗೆ ನೇತುಹಾಕುತ್ತಾರೆ. ಅಪ್ಪ ಬರದಿದ್ದರೆ ರಟ್ಟನ್ನು ಖಾಲಿ ಕುರ್ಚಿಗೇ ಸಿಕ್ಕಿಸುತ್ತಾರೆ. ನನ್ನ ಕುರ್ಚಿ ಮೂರು ವರ್ಷವೂ ಖಾಲಿ. ಕಳೆದ ಸಲ ಟೆರಿಯ ಅಪ್ಪ ಅದರ ಮೇಲೆ ತಮ್ಮ ಕಾಫಿ ಫ್ಲಾಸ್ಕ್ ಇಟ್ಟಿದ್ದರು. ಫ್ಲಾಸ್ಕು ಇಡೀ ಆಟವನ್ನು ಶ್ರದ್ಧೆಯಿಂದ ನೋಡಿತು.

ನನಗಿದು ಕೊನೆಯ ವರ್ಷ, ಅಪ್ಪ. ಒಂದು ಸಲ ಬಾ.

ನಿನ್ನ ಮಗ,
ಡ್ವೇನ್


ಮಿಲ್‌ಬ್ರೂಕ್
8 ಸೆಪ್ಟೆಂಬರ್ 1974

ಪ್ರಿಯ ಡ್ವೇನ್,

ನಿನ್ನ ಪತ್ರ ತಲುಪಿತು. ನಾವು ಕ್ಷೇಮ. ಜೋಳ ಈ ಸಲ ಬೇಗ ಒಣಗುತ್ತಿದೆಯಂತೆ, ಅಂಗಡಿಗೆ ಬರುವವರದು ಅದೇ ಮಾತು.

ಶನಿವಾರಗಳ ವಿಚಾರ. ಕಾಲೇಜುಗಳ ಸಂಘದವರು ನನ್ನನ್ನು ಯಾವ ಯಾವ ಊರಿನ ಆಟಕ್ಕೆ ಕಳಿಸುತ್ತಾರೆಂದು ಆಗಸ್ಟಿನಲ್ಲೇ ತಿಳಿಸಿಬಿಡುತ್ತಾರೆ. ನವೆಂಬರಿನದು ಮಾತ್ರ ಆಮೇಲೆ. ಶನಿವಾರ ಕ್ಷೌರದಂಗಡಿ ಮುಚ್ಚಿ ನಾನು ಪಟ್ಟೆ ಅಂಗಿ ತೊಟ್ಟು ಹೊರಡುವುದು ನಿನಗೆ ಹೊಸದೇನಲ್ಲ. ಮಗ ಆಡುವ ತಂಡದ ಆಟಕ್ಕೆ ಅಪ್ಪನನ್ನು ರೆಫ್ರಿಯಾಗಿ ಹಾಕುವುದಿಲ್ಲ. ಅದು ಸರಿಯಾದ ನಿಯಮ.

ಇನ್ನೊಂದು ಮಾತು. ರೆಫ್ರಿಯಾದವನಿಗೆ ತಂಡ ಇರಬಾರದು. ಬೆನ್ನಿಗೆ ಒಂದು ಕಾಲೇಜಿನ ನಂಬರು ಕಟ್ಟಿಕೊಂಡು ಎಲ್ಲರೆದುರು ಕೂತವನು ಮುಂದಿನ ವಾರ ನ್ಯಾಯ ಹೇಳಲು ನಿಂತರೆ ಜನ ಏನೆನ್ನುತ್ತಾರೆ? ಯೋಚಿಸು.

ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡೇ ತಳ್ಳು. ಬೆರಳು ಬಿಚ್ಚಿ ಎದುರಿನವನ ಅಂಗಿ ಹಿಡಿದರೆ ಫೌಲ್. ಎಷ್ಟೋ ಒಳ್ಳೆಯ ಹುಡುಗರು ಆ ಒಂದು ಚಟದಿಂದ ಕೆಟ್ಟಿದ್ದಾರೆ.

ಕೈ ಒಳಗಿರಲಿ.
ಅಪ್ಪ

ಮರಿ, ಇದು ಅಮ್ಮ. ಮನೆಯಲ್ಲಿ ಟಿವಿ ನೋಡುವಾಗಲೂ ಈ ಮನುಷ್ಯ ಎರಡೂ ತಂಡಕ್ಕೆ ಚಪ್ಪಾಳೆ ತಟ್ಟುತ್ತಾನೆ. ನಮ್ಮ ಮದುವೆಯಲ್ಲಿ ನನ್ನ ಕಡೆಯವರೊಂದಿಗೂ ಅವನ ಕಡೆಯವರೊಂದಿಗೂ ಸಮ ಸಮ ಮಾತಾಡಿದ್ದ. ಬೇಜಾರು ಮಾಡಿಕೊಳ್ಳಬೇಡ. ಕೇಕ್ ಕಳಿಸುತ್ತಿದ್ದೇನೆ, ಟೆರಿಗೂ ಕೊಡು.


ಹಾರ್ಲೋ ಕಾಲೇಜು
23 ಸೆಪ್ಟೆಂಬರ್ 1974

ಅಪ್ಪ, ಅಮ್ಮ,

ಕೇಕ್ ಬಂತು, ಹೋಯಿತು. ಎರಡು ಆಟ ಆಡಿದೆವು, ಎರಡೂ ಸೋತೆವು. ಮೊದಲನೆಯದರಲ್ಲಿ ಸ್ವಲ್ಪ ಸೋತೆವು, ಎರಡನೆಯದರಲ್ಲಿ ಧಾರಾಳವಾಗಿ ಸೋತೆವು. ಆಟ ಮುಗಿದ ಮೇಲೆ ಬಸ್ಸಿನಲ್ಲಿ ಎಲ್ಲರೂ ಬೂಟಿನ ಮಣ್ಣು ಕೆರೆಯುತ್ತಾ ಕೂತೆವು. ಕೊನೆಗೆ ಕೋಚ್ ಎದ್ದು ನಿಂತು, "ಯಾರಿಗಾದ್ರೂ ಹಸಿವಾಗಿದ್ಯೇನ್ರೋ?" ಅಂದರು. ಒಬ್ಬೊಬ್ಬರೇ ಕೈ ಎತ್ತಿದೆವು. "ಊಟಕ್ಕಾದ್ರೂ ಒಗ್ಗಟ್ಟಾದ್ರಲ್ಲ, ಸಂತೋಷ" ಎಂದು ದಾರಿಯಲ್ಲಿ ಇಳಿಸಿ ಹ್ಯಾಂಬರ್ಗರ್ ತಿನ್ನಿಸಿದರು.

ಇದರ ಜೊತೆ ಪತ್ರಿಕೆಯ ಒಂದು ಚಿತ್ರ ಇಟ್ಟಿದ್ದೇನೆ. ಓಡುತ್ತಿರುವವನು ಟೆರಿ. ಎಡಗಡೆಯ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದಲ್ಲ, ಅದು ನಾನು. ನಾಲ್ಕು ವರ್ಷದಲ್ಲಿ ಪತ್ರಿಕೆಯಲ್ಲಿ ಬಂದ ನನ್ನ ದೇಹದ ಮೊದಲ ಭಾಗ. ಜೋಪಾನ ಮಾಡಿ.

ಡ್ವೇನ್


ಮಿಲ್‌ಬ್ರೂಕ್
29 ಸೆಪ್ಟೆಂಬರ್ 1974

ಪ್ರಿಯ ಡ್ವೇನ್,

ಮೊಣಕೈ ತಲುಪಿತು. ನಿನ್ನ ಅಮ್ಮ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಟೆರಿಯನ್ನು ಕತ್ತರಿಸಿ ತೆಗೆದಿದ್ದಾಳೆ. ನಾನೂ ನೋಡಿದೆ. ಮೊಣಕೈ ಚೆನ್ನಾಗಿದೆ. ಆದರೆ ಅದರ ಮುಂದೆ ಬೆರಳುಗಳು ಏನು ಮಾಡುತ್ತಿದ್ದವು ಎಂಬುದು ಚಿತ್ರದಲ್ಲಿ ಕಾಣುತ್ತಿಲ್ಲ. ಬೇಕೆಂದೇ ಕಾಣದ ಹಾಗೆ ನಿಂತಿದ್ದೀಯೋ ಹೇಗೆ?

ಅಂಗಡಿಯಲ್ಲಿ ಎಲ್ಮರ್ ದಿನವೂ ಬಂದು ಕೂರುತ್ತಾನೆ, ತಲೆಯಲ್ಲಿ ಕೂದಲು ಇಲ್ಲದಿದ್ದರೂ. "ಏನಯ್ಯಾ ಮರ್ಲ್, ನಿನ್ ಮಗನ್ ಟೀಮು ಈ ವಾರಾನೂ ಮಣ್ಣು ಮುಕ್ತಾ?" ಅಂದ. "ಆಟ ಅಂದ ಮೇಲೆ ಒಬ್ರು ಸೋಲ್ಲೇಬೇಕಲ್ಲಪ್ಪ" ಅಂದೆ. "ಅದು ಸರಿ, ಅವ್ರೇ ಯಾಕೆ ಪ್ರತಿ ಸಲ ಅಂತ" ಎಂದ. ಅವನ ಗಡ್ಡಕ್ಕೆ ಸ್ವಲ್ಪ ಬಿಸಿ ಜಾಸ್ತಿಯಾದ ಟವೆಲ್ ಸುತ್ತಿದೆ.

ನಿನ್ನೆ ನನ್ನ ಆಟ ಉತ್ತರದ ಕಡೆ ಇತ್ತು. ಎಂದಿನಂತೆ ಅಮ್ಮ ಶುಕ್ರವಾರವೇ, ಫೌಲ್ ಕಂಡಾಗ ನಾನು ಎಸೆಯುವ ಹಳದಿ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ್ದಳು. ಅಡುಗೆಮನೆಯ ಹಳೆಯ ಪರದೆಯಿಂದ ಅವಳೇ ಹೊಲಿದದ್ದಲ್ಲವೇ, ಅದರ ಬಿಳಿ ಹೂಗಳನ್ನು ನೋಡಿ ಬೇರೆ ರೆಫ್ರಿಗಳು ಈಗಲೂ ನಗುತ್ತಾರೆ. ನಗಲಿ. ಮೂಲೆಯಲ್ಲಿ ಒಣಜೋಳ ಕಟ್ಟಿರುವುದರಿಂದ ಎಸೆದಲ್ಲೇ ಹೋಗಿ ಬೀಳುತ್ತದೆ. ನಿನ್ನೆ ನಾಲ್ಕು ಸಲ ಎಸೆದೆ, ನಾಲ್ಕೂ ನ್ಯಾಯವಾದದ್ದೇ.

ಜನ ಚೆಂಡನ್ನೇ ನೋಡುತ್ತಾರೆಂದು ಬರೆದಿದ್ದೆ. ನನ್ನ ಕೆಲಸ ಚೆಂಡನ್ನು ನೋಡದಿರುವುದು. ಅದನ್ನು ನೋಡಿಕೊಳ್ಳಲು ಬೇರೆ ರೆಫ್ರಿಗಳಿದ್ದಾರೆ. ನಾನು ಸಾಲಿನಲ್ಲಿ ತಳ್ಳಾಡುವವರ ಕೈಗಳನ್ನು ಕಾಯುತ್ತೇನೆ. ಆ ಗೂಟಗಳನ್ನು ನೋಡುವವನು ಒಬ್ಬನಾದರೂ ಇರುತ್ತಾನೆಂದು ತಿಳಿದಿರಲಿ.

ಕೈ ಒಳಗಿರಲಿ.
ಅಪ್ಪ


ಹಾರ್ಲೋ ಕಾಲೇಜು
14 ಅಕ್ಟೋಬರ್ 1974

ಅಪ್ಪ,

ಮತ್ತೆ ಸೋತೆವು. ಇನ್ನೂ ಒಂದು ಆಟವನ್ನೂ ಗೆದ್ದಿಲ್ಲ. ನಮ್ಮ ಮೈದಾನದಲ್ಲಿ, ನಮ್ಮ ಜನರೆದುರೇ. ಕೊನೆಯ ಹೊತ್ತಿಗೆ ಗ್ಯಾಲರಿಯಲ್ಲಿ ಬ್ಯಾಂಡಿನ ಹುಡುಗರು ಮತ್ತು ಅವರ ತಾಯಂದಿರು ಮಾತ್ರ ಉಳಿದಿದ್ದರು. ಬೆಳಿಗ್ಗೆ ಎದ್ದು ಬೂಟಿನ ಲೇಸ್ ಕಟ್ಟುವಾಗ ಇದೆಲ್ಲ ಯಾಕೆ ಎಂದು ಕೇಳಿಕೊಳ್ಳುತ್ತೇನೆ. ಆದರೂ ಕಟ್ಟುತ್ತೇನೆ. ಈ ಹುಡುಗರೊಂದಿಗೆ ಒಂದೇ ಒಂದು ಸಲ ಗೆಲ್ಲಬೇಕು, ಅಷ್ಟೇ ಆಸೆ.

ನಿನ್ನ ಹಿಂದಿನ ಪತ್ರವನ್ನು ಎಷ್ಟೋ ಸಲ ಓದಿದೆ. ಗೂಟಗಳನ್ನು ನೋಡುವವನು ಒಬ್ಬನಾದರೂ ಇರುತ್ತಾನೆ ಅಂದೆಯಲ್ಲ. ಸಮಾಧಾನಕ್ಕೇ ಬರೆದಿರುತ್ತೀಯ. ಆದರೆ ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಇಡೀ ಮೈದಾನದಲ್ಲಿ ನನ್ನಂಥವನನ್ನೇ ನೋಡುವ ಕೆಲಸದ ಮನುಷ್ಯ ಒಬ್ಬನಿದ್ದಾನೆ, ಅವನು ನನ್ನ ಸ್ವಂತ ಅಪ್ಪ. ಹತ್ತೊಂಬತ್ತು ವರ್ಷದಿಂದ ಪ್ರತಿ ಶನಿವಾರ ಊರೂರಿನ ಮಕ್ಕಳನ್ನು ನೋಡಿದ್ದಾನೆ. ನನ್ನನ್ನು ಮಾತ್ರ ನೋಡಿಲ್ಲ.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ.

ಡ್ವೇನ್


ಮಿಲ್‌ಬ್ರೂಕ್
24 ಅಕ್ಟೋಬರ್ 1974

ಮರಿ,

ಉತ್ತರ ಬರೆಯಬೇಕೆಂದಿಲ್ಲ ಅಂದೆ, ನಿನ್ನ ಅಪ್ಪ ಅದನ್ನು ನಿಯಮದಂತೆ ಪಾಲಿಸುತ್ತಿದ್ದಾನೆ. ಅಡುಗೆಮನೆಯ ಮೇಜಿನಲ್ಲಿ ಪೆನ್ನು ಹಿಡಿದು ಕೂರುತ್ತಾನೆ, "ಪ್ರಿಯ ಡ್ವೇನ್" ಎಂದು ಬರೆಯುತ್ತಾನೆ, ಎದ್ದು ಹೋಗಿ ಹುಲ್ಲು ಕತ್ತರಿಸುತ್ತಾನೆ. ಅಕ್ಟೋಬರಿನಲ್ಲಿ ಕತ್ತರಿಸಲು ಹುಲ್ಲಾದರೂ ಎಲ್ಲಿದೆ ಹೇಳು.

ಅವನು ಹೇಳಬೇಡ ಎಂದಿರುವ ಮಾತೊಂದನ್ನು ಹೇಳುತ್ತೇನೆ. ಸಂಘದಿಂದ ಪತ್ರ ಬಂದಿದೆ. ಈ ವರ್ಷದ ಕಪ್ ತೀರ್ಮಾನವಾಗುವ ದೊಡ್ಡ ಆಟಕ್ಕೆ ನಿನ್ನ ಅಪ್ಪನನ್ನು ಆರಿಸಿದ್ದಾರೆ. ಮೊದಲ ಸಲ. ಅವನೊಂದಿಗೆ ಶುರು ಮಾಡಿದವರಿಗೆಲ್ಲ ಯಾವಾಗಲೋ ಸಿಕ್ಕಿದೆ, ಇವನಿಗೆ ಮಾತ್ರ ಸಿಕ್ಕಿರಲಿಲ್ಲ. ಪತ್ರ ಓದಿ ಶೂಗೆ ಪಾಲಿಶ್ ಹಾಕಿದ. ಆಮೇಲೆ ಮತ್ತೆ ಹಾಕಿದ.

ಆ ಆಟವೂ ನವೆಂಬರ್ 9ಕ್ಕೇ.

ನಿನ್ನ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಬಸ್ ಹತ್ತಿ ಬರುವ ನನಗೂ ಮೊದಲು ಕಣ್ಣಿಗೆ ಬೀಳುವುದು ನಿನ್ನ ಖಾಲಿ ಕುರ್ಚಿಯೇ. ಆದರೆ ಅವನು ಈಗ ಎರಡು ಕಡೆಯಿಂದಲೂ ಎಳೆದ ಹಗ್ಗದ ಹಾಗಿದ್ದಾನೆ. ನೀನು ಎಳೆಯುವುದನ್ನು ಸ್ವಲ್ಪ ಸಡಿಲ ಬಿಡು, ನನ್ನ ಚಿನ್ನ. ಈ ಪತ್ರ ಬರೆದದ್ದು ಅವನಿಗೆ ಗೊತ್ತಿಲ್ಲ.

ನಿನ್ನ ಅಮ್ಮ,
ಲೊರೇನ್


ಹಾರ್ಲೋ ಕಾಲೇಜು
28 ಅಕ್ಟೋಬರ್ 1974

ಅಪ್ಪ,

ಹೋದ ಪತ್ರದಲ್ಲಿ ಏನೇನೋ ಬರೆದೆ. ಸೋತ ಸಿಟ್ಟು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನವೆಂಬರ್ 9ಕ್ಕೆ ನೀನು ಬರುವುದು ಬೇಡ. ಅಪ್ಪಂದಿರ ದಿನ ಅನ್ನುವುದು ಹುಡುಗಾಟ. ಚಳಿಯಲ್ಲಿ ಕೂರಿಸುತ್ತಾರೆ, ಕಾಫಿ ಕೂಡ ನೀರು ನೀರು. ನಿನಗೆ ಆ ದಿನ ಬೇರೆ ಯಾವುದಾದರೂ ಮುಖ್ಯವಾದ ಕೆಲಸ ಇದ್ದರೂ ಇರಬಹುದು. ಇದೆಯೆಂದು ನನಗೆ ಯಾರೂ ಹೇಳಿಲ್ಲ. ಸುಮ್ಮನೆ ತೋಚಿತು, ಬರೆದೆ. ನಿಜವಾಗಿ ಹೇಳುತ್ತಿದ್ದೇನೆ, ಹೋಗು. ನನ್ನ ಕುರ್ಚಿಗೆ ಫ್ಲಾಸ್ಕ್ ಒಗ್ಗಿಹೋಗಿದೆ.

ಮತ್ತೆ ಸೋತೆವು, ಆ ವಿಷಯ ಬೇರೆ.

ಡ್ವೇನ್


ಮಿಲ್‌ಬ್ರೂಕ್
3 ನವೆಂಬರ್ 1974

ಪ್ರಿಯ ಡ್ವೇನ್,

ಶನಿವಾರ ಬರುತ್ತೇನೆ. ಆ ದಿನ ನನಗೆ ಯಾವ ಕೆಲಸವೂ ಇಲ್ಲ.

ರಟ್ಟಿನ ದಾರ ಉದ್ದ ಇರಲಿ ಎಂದು ಹೇಳು, ನನ್ನ ಕುತ್ತಿಗೆ ದಪ್ಪ.

ಕೈ ಒಳಗಿರಲಿ.
ಅಪ್ಪ

ಯಾವ ಕೆಲಸವೂ ಇಲ್ಲವಂತೆ! ನಂಬಿದವರ ಹಾಗೆ ಇರು. ನಾನೂ ಹಾಗೇ ಇದ್ದೇನೆ. ಅಮ್ಮ.


ಮಿಲ್‌ಬ್ರೂಕ್
10 ನವೆಂಬರ್ 1974

ಪ್ರಿಯ ಡ್ವೇನ್,

ನಿನ್ನ ಮುಖ ನೋಡದೆ ಬಂದುಬಿಟ್ಟೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ಕುರ್ಚಿಯಲ್ಲಿ ಕೂತಾಗ ನಾನು ಚೆನ್ನಾಗಿಯೇ ಇದ್ದೆ. ಟೆರಿಯ ಅಪ್ಪ ಒಳ್ಳೆಯ ಮನುಷ್ಯ. "ಓಹೋ, ಅರವತ್ನಾಲ್ಕು ನೀವೇನಾ? ನಾಲ್ಕ್ ವರ್ಷದಿಂದ ನನ್ ಮಗ ನಿಮ್ ಮಗನ ಬೆನ್ನು ನೋಡ್ಕೊಂಡೇ ಓಡ್ತಿದಾನೆ ಕಣ್ರೀ" ಎಂದು ಕಾಫಿ ಬಗ್ಗಿಸಿ ಕೊಟ್ಟರು. ಕಾಫಿ ನೀನು ಹೇಳಿದಷ್ಟು ಕೆಟ್ಟದಾಗಿರಲಿಲ್ಲ. ಮೊದಲರ್ಧ ನಾನು ಕೈಕಟ್ಟಿ ಕೂತೆ. ಎರಡನೇ ಅರ್ಧದಲ್ಲಿ ಎಲ್ಲರ ಜೊತೆ ಎದ್ದು ನಿಂತೆ. ಒಂದು ಸಲ ಕೂಗಿದೆ. ಏನು ಕೂಗಿದೆ ಎಂದು ನೆನಪಿಲ್ಲ, ಗಂಟಲು ಇನ್ನೂ ನೋಯುತ್ತಿದೆ.

ಕೊನೆಯ ನಿಮಿಷಕ್ಕೆ ಗ್ರೇಟನ್ ಕಾಲೇಜಿನವರು ಹತ್ತು, ನೀವು ಆರು. ದಾಟಿದರೆ ಆರು ಅಂಕ ಸಿಗುವ ಗೆರೆ ಇನ್ನು ಸ್ವಲ್ಪವೇ ದೂರ. ಚೆಂಡು ಟೆರಿಯ ಕೈಗೆ ಹೋಯಿತು. ಗ್ಯಾಲರಿಯವರೆಲ್ಲ ಹೋ ಎಂದು ಎದ್ದರು. ಆ ಹೊತ್ತಿಗೆ ನಿನ್ನ ಬಲಗೈ ಬಿಚ್ಚಿತು. ಎದುರಿನವನ ಅಂಗಿಯನ್ನು ಕಂಕುಳ ಕೆಳಗೆ ಹಿಡಿದೆ, ಎಳೆದೆ, ಇಬ್ಬರೂ ಬಿದ್ದಿರಿ.

ನನ್ನ ಕೈ ಹಿಂದಿನ ಜೇಬಿಗೆ ಹೋದದ್ದು ನನಗೆ ಗೊತ್ತಿಲ್ಲ. ಹಳದಿ ಬಟ್ಟೆ ಗಾಳಿಯಲ್ಲಿದ್ದಾಗ, ಅದರ ಬಿಳಿ ಹೂ ಕಂಡಾಗ ಗೊತ್ತಾಯಿತು.

ಟೆರಿ ಗೆರೆ ದಾಟಿದ್ದ. ಟಚ್‌ಡೌನ್ ಆಗಿತ್ತು. ಆದರೆ ಮೈದಾನದಲ್ಲಿ ಫೌಲಿನ ಬಟ್ಟೆ ಬಿದ್ದಿದೆ. ಬ್ಯಾಂಡು ನಿಂತಿತು. ಫೌಲಿನಿಂದ ಆ ಅಂಕ ಹೋಯಿತೆಂದು ನಿಮ್ಮ ಹುಡುಗರು ತಲೆಯ ಮೇಲೆ ಕೈ ಹೊತ್ತು ನಿಂತರು. ರೆಫ್ರಿಗಳು ಒಟ್ಟು ಸೇರಿ ತಮ್ಮ ತಮ್ಮ ಜೇಬು ಮುಟ್ಟಿಕೊಂಡರು. ಎಲ್ಲರ ಬಟ್ಟೆಯೂ ಜೇಬಿನಲ್ಲೇ ಇತ್ತು. ಆಗ ಹಾರ್ವಿ ಅದನ್ನು ಎತ್ತಿ ನೋಡಿದ. ನನ್ನ ಜೊತೆ ಹತ್ತಾರು ಆಟ ಮಾಡಿಸಿದವನು ಅವನು, ಆ ಹೂಗಳನ್ನು ಮರೆಯುತ್ತಾನೆಯೇ? ನೇರ ನನ್ನ ಕುರ್ಚಿಗೆ ಬಂದ.

"ಮರ್ಲ್, ಇವತ್ತು ನೀನು ರಜೆ ಅಂದ್ಕೊಂಡಿದ್ನಲ್ಲೋ."

"ನಂದೇ ಹಾರ್ವಿ. ತಪ್ಪಾಯ್ತು."

"ಯಾರ ಮೇಲೋ ಎಸೆದಿದ್ದು?"

"ಅರವತ್ನಾಲ್ಕು. ಅಂಗಿ ಹಿಡ್ದ."

ಹಾರ್ವಿ ನನ್ನ ಬೆನ್ನ ಹಿಂದೆ ಬಗ್ಗಿ ರಟ್ಟು ನೋಡಿದ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಕೂತವನು ಎಸೆದ ಬಟ್ಟೆಗೆ ಬೆಲೆಯಿಲ್ಲ, ಟಚ್‌ಡೌನ್ ಸರಿ ಎಂದು ಸಾರಿದ. ನಿಯಮ ಹಾಗೇ ಇದೆ. ಗ್ರೇಟನ್ನಿನ ಕೋಚ್ ಟೋಪಿಯನ್ನು ನೆಲಕ್ಕೆ ಬಡಿದು, "ಹೆತ್ತಪ್ಪನೇ ಫೌಲ್ ಅಂತಿದ್ದಾನಲ್ರೀ! ಇನ್ನು ಯಾರ್ ಹೇಳ್ಬೇಕು ನಿಮಗೆ?" ಎಂದು ಅರಚಿದ್ದು ಊರಿಗೇ ಕೇಳಿಸಿತು. ಇಡೀ ಗ್ಯಾಲರಿ ನಕ್ಕಿತು.

ನೀವು ಗೆದ್ದಿರಿ. ಇಡೀ ವರ್ಷದಲ್ಲಿ ನಿನಗೆ ಸಿಕ್ಕ ಒಂದೇ ಗೆಲುವಿಗೆ ನಾನು ಮಸಿ ಬಳಿದೆ. ಊರೂರಿನ ಮಕ್ಕಳಿಗೆ ಮಾಡಿದ್ದನ್ನೇ ನಿನಗೂ ಮಾಡಿದೆ. ಅಪ್ಪನಾಗಿ ಕೂರಲು ಬಂದಿದ್ದೆ, ನನಗೆ ಕೂರಲು ಬರಲಿಲ್ಲ. ಇದೇ ಭಯಕ್ಕೆ ನಾನು ಇಷ್ಟು ವರ್ಷ ಬಂದಿರಲಿಲ್ಲವೋ ಏನೋ. ನನಗೆ ತುಂಬಾ ನಾಚಿಕೆಯಾಗಿದೆ, ಮಗನೇ. ಕ್ಷಮಿಸು.

ಆದರೆ ಹಿಡಿದದ್ದು ಹಿಡಿದದ್ದೇ.

ಅಪ್ಪ


ಮಿಲ್‌ಬ್ರೂಕ್
18 ನವೆಂಬರ್ 1974

ಮರಿ,

ನಿನ್ನಿಂದ ಒಂದು ಸಾಲೂ ಇಲ್ಲ. ಹಾಸ್ಟೆಲಿಗೆ ಫೋನು ಮಾಡಿದೆ, ಯಾರೋ ಹುಡುಗ ಎತ್ತಿ "ಡ್ವೇನಾ? ಅವ್ನು ಡಾಕ್ಟ್ರ ಹತ್ರ ಹೋದ ಅನ್ಸತ್ತೆ, ಆಂಟಿ" ಎಂದು ಇಟ್ಟುಬಿಟ್ಟ. ಡಾಕ್ಟರು ಯಾಕೆ?

ತಪ್ಪು ನನ್ನದು. ಶುಕ್ರವಾರ ಬಂತೆಂದರೆ ಆ ಬಟ್ಟೆ ಇಸ್ತ್ರಿ ಮಾಡಿ ಜೇಬಿಗೆ ತುರುಕುವುದು ನನ್ನ ಕೈಗೆ ಒಗ್ಗಿಹೋಗಿದೆ. ಅಪ್ಪಂದಿರ ದಿನಕ್ಕೆ ಹೋಗುವವನಿಗೆ ಅದೇಕೆ ಎಂದು ನನಗೆ ಹೊಳೆಯಲೇ ಇಲ್ಲ.

ಅಂದು ಅವನು ಬೆನ್ನ ಮೇಲಿನ ರಟ್ಟು ತೆಗೆಯದೆಯೇ ಕಾರು ಹತ್ತಿದ. ನಾನೂ ಹೇಳಲಿಲ್ಲ. ಪೆಟ್ರೋಲ್ ಬಂಕಿನವನು "ಏನ್ ಸಾರ್, ಈ ವಯಸ್ಸಲ್ಲಿ ಟೀಮಿಗೆ ಸೇರ್ಕೊಂಡ್ರಾ?" ಎಂದಾಗಲೇ ಅವನಿಗೆ ಗೊತ್ತಾದದ್ದು. ಅಂಗಡಿಯಲ್ಲಿ ಎಲ್ಮರನ ಕಾಟ ಕೇಳಬೇಡ. ಯಾರಾದರೂ ಸೀನಿದರೂ "ಮರ್ಲ್, ಫೌಲ್ ಕೊಡಪ್ಪಾ" ಅನ್ನುತ್ತಾನೆ. ಮೊದಲಾಗಿದ್ದರೆ ಬಿಸಿ ಟವೆಲ್ ಬೀಳುತ್ತಿತ್ತು. ಈಗ ಇವನು ತಲೆ ತಗ್ಗಿಸಿ ಕತ್ತರಿ ಆಡಿಸುತ್ತಾನೆ.

ನಿನ್ನೆ ಪಟ್ಟೆ ಅಂಗಿಯನ್ನು ತಂದು ನನ್ನ ಕೈಗಿಟ್ಟು, "ಲೊರೇನ್, ಇದನ್ನ ಒರೆಸೋ ಬಟ್ಟೆ ಮಾಡ್ಕೋ" ಎಂದ. "ಯಾಕೆ?" ಅಂದೆ. "ನನ್ ಮಗನ್ನ ನೋಡೋಕ್ ಬರ್ದೇ ಇರೋನು ಇನ್ಯಾರನ್ನ ಏನ್ ನೋಡ್ಲಿ" ಅಂದ. ಅಂಗಿಯನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ. ಆ ರಟ್ಟನ್ನು ಮಾತ್ರ ಎಸೆದಿಲ್ಲ. ಅಂಗಡಿಯ ಕನ್ನಡಿಯ ಹಿಂದೆ ಸಿಕ್ಕಿಸಿದ್ದಾನೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ.

ಸಿಟ್ಟಿದ್ದರೆ ಸಿಟ್ಟಿನದನ್ನೇ ಬರಿ. ಆದರೆ ಬರಿ.

ಅಮ್ಮ


ಹಾರ್ಲೋ ಕಾಲೇಜು
21 ನವೆಂಬರ್ 1974

ಪ್ರೀತಿಯ ಅಪ್ಪನಿಗೆ,

ಅಕ್ಷರ ಸೊಟ್ಟಗಿದ್ದರೆ ಮನ್ನಿಸು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಅವತ್ತು ಗ್ರೇಟನ್ನಿನವನ ಅಂಗಿಯಲ್ಲಿ ಸಿಕ್ಕಿಕೊಂಡು ತಿರುಚಿದವು. ಆದ್ದರಿಂದ ಮೊದಲ ವಿಷಯ: ಹೌದು, ಹಿಡಿದೆ. ಬಲವಾಗಿಯೇ ಹಿಡಿದೆ. ನಿನ್ನ ತೀರ್ಪು ಸರಿ. ಎಡಗೈಯಲ್ಲಿ ಎರಡು ಸಲ ಬರೆಯಲು ಕೂತೆ, ನನಗೇ ಓದಲು ಬರಲಿಲ್ಲ. ಜೊತೆಗೆ, ಏನು ಬರೆಯಬೇಕೆಂದೂ ತಿಳಿಯಲಿಲ್ಲ.

ಮೊದಲು ಸಿಟ್ಟು ಬಂದಿತ್ತು. ಮಣ್ಣಿನಿಂದ ತಲೆ ಎತ್ತಿದರೆ ಪಕ್ಕದಲ್ಲೇ ನಮ್ಮ ಅಡುಗೆಮನೆಯ ಪರದೆ ಬಿದ್ದಿದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ನಾನ ಮಾಡಿ ಓಡಿ ಬಂದೆ, ನೀನು ಹೊರಟುಹೋಗಿದ್ದೆ. ಕುರ್ಚಿ ಮತ್ತೆ ಖಾಲಿ. ಆಗ ಬಂದ ಸಿಟ್ಟು ಬೇರೆ, ಬಟ್ಟೆ ಎಸೆದದ್ದಕ್ಕಲ್ಲ. ಯಾಕೆ ಹೋದೆ? ಟೆರಿ ನಿನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕೆಂದಿದ್ದ. ಕೋಚ್ ಸ್ಟ್ರಾಂಡ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇಷ್ಟು ವರ್ಷದಲ್ಲಿ ನಾನು ನೋಡಿದ ಒಬ್ಬನೇ ಸಾಚಾ ಮನುಷ್ಯ ಕಣ್ರೋ! ಎಲ್ಲಿ ಅವ್ರು?" ಎಂದು ಹುಡುಕಿದರು.

ಹೋದ ಶನಿವಾರ ಕೊನೆಯ ಆಟ ಆಡಿದರು, ಸೋತರು. ನಾನು ಪಟ್ಟಿ ಕಟ್ಟಿಕೊಂಡು ಬೆಂಚಿನಲ್ಲಿ ಕೂತು ನೋಡಿದೆ. ಮುಗಿಯಿತು, ಅಪ್ಪ. ಬೂಟನ್ನು ಮೊಳೆಗೆ ನೇತುಹಾಕಿ ಬಂದಾಗ ಅಳು ಬಂತು.

ಇದರೊಂದಿಗೆ ಇನ್ನೊಂದು ಪತ್ರಿಕೆಯ ಚಿತ್ರ ಇದೆ. ಈ ಸಲ ನನ್ನ ಮೊಣಕೈ ಕೂಡ ಇಲ್ಲ. ಟೆರಿ ಗೆರೆ ದಾಟುತ್ತಿದ್ದಾನೆ. ಅವನ ಹಿಂದೆ, ದೂರದಲ್ಲಿ ಅಪ್ಪಂದಿರ ಸಾಲು. ಕಣ್ಣಿಗೆ ಹತ್ತಿರ ಹಿಡಿದು ನೋಡು. ಎಲ್ಲರೂ ಎದ್ದು ನಿಂತಿದ್ದಾರೆ, ಎಲ್ಲರ ಮುಖವೂ ಟೆರಿಯ ಕಡೆ, ಬಾಯಿ ತೆರೆದಿದೆ. ಒಬ್ಬನ ಮುಖ ಮಾತ್ರ ಬೇರೆ ಕಡೆಗಿದೆ. ಆ ಒಬ್ಬ ಇಡೀ ಗ್ಯಾಲರಿ ಕುಣಿಯುತ್ತಿರುವಾಗ, ಚೆಂಡು ಎಲ್ಲೋ ಹೋಗಿರುವಾಗ, ಮಣ್ಣಿನಲ್ಲಿ ಬಿದ್ದಿರುವ ಎರಡು ಗೂಟಗಳ ಕಡೆ ನೋಡುತ್ತಿದ್ದಾನೆ.

ನೀನು ಅಪ್ಪನಾಗಿ ನೋಡಿದೆಯೋ ರೆಫ್ರಿಯಾಗಿ ನೋಡಿದೆಯೋ, ನನಗೆ ಬೇಕಿಲ್ಲ. ನಾಲ್ಕು ವರ್ಷ ಯಾರೂ ನೋಡದ ಜಾಗದಲ್ಲಿ ಆಡಿದೆ. ಅವತ್ತು ಒಬ್ಬ ಮನುಷ್ಯ ನನ್ನ ಬೆರಳು ಬಿಚ್ಚಿದ್ದನ್ನೂ ಬಿಡದೆ ನೋಡಿದ. ಅದೂ ದೊಡ್ಡ ಆಟ ಬಿಟ್ಟು ಬಂದು. (ನನಗೆ ಯಾರೂ ಹೇಳಿಲ್ಲ, ಸುಮ್ಮನೆ ತೋಚಿತು.) ನನಗೆ ಬೇಕಾಗಿದ್ದು ಅಷ್ಟೇ, ಅಪ್ಪ. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಕ್ಕಿತು.

ಹಳದಿ ಬಟ್ಟೆಯನ್ನು ಹಾರ್ವಿ ನನ್ನ ಕೈಗೆ ಕೊಟ್ಟರು. ವಾಪಸ್ ಕೊಡುವುದಿಲ್ಲ. ಮುಂದಿನ ವರ್ಷಕ್ಕೆ ನಿನಗೆ ಬೇಕಾದರೆ ಅಮ್ಮ ಇನ್ನೊಂದು ಹೊಲಿಯಲಿ. ಪಟ್ಟೆ ಅಂಗಿಯಲ್ಲಿ ಯಾರಾದರೂ ನೆಲ ಒರೆಸಿದರೆ ನಾನು ಫೌಲ್ ಕೊಡುತ್ತೇನೆ.

ಇನ್ನು ಮೇಲೆ ನಿನ್ನ ಕೈಯೂ ಒಳಗಿರಲಿ.

ನಿನ್ನ ಮಗ,
64


ಮಿಲ್‌ಬ್ರೂಕ್
24 ನವೆಂಬರ್ 1974

ಪ್ರಿಯ ಡ್ವೇನ್,

ಪತ್ರ ತಲುಪಿತು. ಚಿತ್ರವನ್ನು ಅಂಗಡಿಗೆ ಒಯ್ದು ಭೂತಗನ್ನಡಿಯಲ್ಲಿ ನೋಡಿದೆ. ಅದು ನಾನೇ. ಹೊಟ್ಟೆ ಅಷ್ಟು ಮುಂದೆ ಬಂದಿದೆ ಎಂದು ಗೊತ್ತಿರಲಿಲ್ಲ. ಎಲ್ಮರ್ ಕೂಡ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ "ಒಳ್ಳೇ ಫೋಟೋ ಕಣಯ್ಯಾ" ಎಂದ. ಈಗ ಅದು ಫ್ರಿಜ್ಜಿನ ಮೇಲೆ, ನಿನ್ನ ಮೊಣಕೈಯ ಪಕ್ಕ ಇದೆ.

ಅಂಗಿ ಬೀರುವಿನಲ್ಲಿ ಸಿಕ್ಕಿತು. ಪರದೆಯ ಇನ್ನೊಂದು ತುಂಡು ಇದೆಯಂತೆ.

ಗುರುವಾರ ಹಬ್ಬ. ಬುಧವಾರವೇ ಬಂದುಬಿಡು, ಟರ್ಕಿ ಕೋಳಿ ದೊಡ್ಡದನ್ನೇ ಹೇಳಿದ್ದೇನೆ. ಬೆರಳು ನೋಯುತ್ತಿದ್ದರೆ ನಾನೇ ಕತ್ತರಿಸಿ ಕೊಡುತ್ತೇನೆ.

ಒಂದು ಮಾತು ಕೇಳಬೇಕಿತ್ತು. ಅಂಗಡಿಯಲ್ಲಿ ಎಲ್ಲರೂ ಆ ಕೊನೆಯ ಓಟದ ಬಗ್ಗೆ ಕೇಳುತ್ತಾರೆ. ಟೆರಿ ಹೇಗೆ ನುಗ್ಗಿದ, ಎಷ್ಟು ಜನರನ್ನು ತಪ್ಪಿಸಿದ ಎಂದು. ನನಗೆ ಹೇಳಲು ಬರುವುದಿಲ್ಲ, ನಾನು ನೋಡಲಿಲ್ಲ. ನೀನೂ ಮಣ್ಣಿನಲ್ಲಿದ್ದೆ. ನಿಮ್ಮ ಇಡೀ ವರ್ಷದ ಒಂದೇ ಗೆಲುವನ್ನು ನಾವಿಬ್ಬರೂ ಕಣ್ಣಾರೆ ಕಾಣಲಿಲ್ಲ ನೋಡು. ಅಮ್ಮ ಗ್ಯಾಲರಿಯಲ್ಲಿ ಎತ್ತರದಲ್ಲಿ ಕೂತಿದ್ದಳು. ಬಾ, ಇಬ್ಬರೂ ಸೇರಿ ಅವಳನ್ನೇ ಕೇಳೋಣ.

ನಿನ್ನ ಪ್ರೀತಿಯ,
ಅಪ್ಪ

ನನ್ನನ್ನು ಕೇಳಬೇಡಿ. ನಾನು ಆಗ ನಿನ್ನ ಅಪ್ಪನನ್ನು ನೋಡುತ್ತಿದ್ದೆ. ಅಮ್ಮ.